ತನಿ ಮುಗಿಯುವವರೆಗೆ

ಆ ಚಳಿಗಾಲದಲ್ಲಿ ಅಪ್ಪ ಎಷ್ಟು ಹೊತ್ತಿಗೊಮ್ಮೆ ಬಾತ್‌ರೂಮಿಗೆ ಹೋಗುತ್ತಾರೆಂದು ಬರೆದಿಡುವ ಕೆಲಸ ನನ್ನದಾಗಿತ್ತು. ಪ್ರಾಸ್ಟೇಟ್ ದೊಡ್ಡದಾಗಿದೆ, ಆಪರೇಷನ್ ಮಾಡಲೇಬೇಕು ಎಂದ ಡಾಕ್ಟರು, ಅಲ್ಲಿಯವರೆಗೆ ದಿನವೂ ಗುರುತು ಹಾಕಿಡಿ ಎಂದು ಹೇಳಿ ಕಳಿಸಿದ್ದರು. ಶಾಲೆಯ ದಿನಗಳಿಂದ ದಿನಚರಿ ಬರೆಯುತ್ತ ಬಂದವಳು ಮನೆಯಲ್ಲಿ ನಾನೊಬ್ಬಳೇ. ತಾರೀಖು, ಹವೆ, ಆಫೀಸಿಗೆ ಹೋಗಿಬರಲು ಹಿಡಿದ ಸಮಯ, ಇವುಗಳ ಕೆಳಗೆ ಅಪ್ಪನದೂ ಒಂದು ಸಾಲು ಸೇರಿತು.

ಮೊದಮೊದಲು ಅಪ್ಪನಿಗೆ ಅದೊಂದು ತಮಾಷೆ. ಬಾಗಿಲು ತೆಗೆದು ಹೊರಬಂದವರೇ ರೈಲ್ವೆ ಸ್ಟೇಷನ್ನಿನ ದನಿಯಲ್ಲಿ, "ಬರ್ಕೊಳಮ್ಮ, ಹನ್ನೊಂದೂ ಹತ್ತರ ಗಾಡಿ ಹೊರಟಿತು" ಎನ್ನುತ್ತಿದ್ದರು. ಚಳಿ ಏರಿದಂತೆ ಗಾಡಿಗಳ ನಡುವಿನ ಅಂತರ ಇಳಿಯುತ್ತ ಹೋಗಿ ಒಂದೂಕಾಲು ಗಂಟೆಗೆ ಬಂದು ನಿಂತಿತು. ತಮಾಷೆಯೂ ಅಲ್ಲಿಗೆ ನಿಂತಿತು. ಅಷ್ಟು ಹೊತ್ತು ದಾಟಿದರೆ ತಡೆಯುವುದು ಅವರ ಕೈಯಲ್ಲಿರಲಿಲ್ಲ. ಈ ಸಂಗತಿ ದೆಹಲಿಯ ಅಂಚಿನ ಇಂದಿರಾಪುರಂನ ನಮ್ಮ ಫ್ಲ್ಯಾಟಿನಿಂದ ಹೊರಗೆ ಹೋಗಕೂಡದು ಎಂದು ಅಪ್ಪ ಕಟ್ಟುನಿಟ್ಟಾಗಿ ಹೇಳಿದ್ದರು.

ಅಂಥ ದಿನಗಳಲ್ಲಿ ಅಮ್ಮ ಕನ್ನಡದವರ ವಾಟ್ಸ್ಯಾಪ್ ಗುಂಪಿನಲ್ಲಿ ಒಂದು ಸಂಗೀತ ಕಚೇರಿಯ ಪೋಸ್ಟರ್ ನೋಡಿದರು. ದಕ್ಷಿಣ ದೆಹಲಿಯ ಒಂದು ಸಭಾಂಗಣ, ಭಾನುವಾರ ಸಂಜೆ ನಾಲ್ಕಕ್ಕೆ, ಚೆನ್ನೈನಿಂದ ಬರುವ ಗಾಯಕರು. ಮೃದಂಗ ಎಂದಿದ್ದ ಕಡೆ ಅಮ್ಮನ ತಮ್ಮನ ಫೋಟೊ ಇತ್ತು.

ಮಾವ ನಮ್ಮ ಮನೆಗೆ ಬರುವುದನ್ನು ಬಿಟ್ಟು ಎಷ್ಟೋ ವರ್ಷವಾಗಿತ್ತು. ಕಚೇರಿಯ ಮುಖ್ಯ ಭಾಗದ ಕೊನೆಯಲ್ಲಿ ಹಾಡುವವರೂ ಪಿಟೀಲಿನವರೂ ಸುಮ್ಮನಾಗಿ, ತಾಳವಾದ್ಯದವರಿಗೆ ವೇದಿಕೆ ಬಿಟ್ಟುಕೊಡುವ ಹೊತ್ತಿಗೆ ತನಿ ಆವರ್ತನ ಎನ್ನುತ್ತಾರೆ. ಇಡೀ ಸಂಜೆ ಇನ್ನೊಬ್ಬರನ್ನು ಅನುಸರಿಸಿ ನುಡಿಸಿದವರಿಗೆ ಸಿಗುವ ಸ್ವಂತದ ಕಾಲು ಗಂಟೆ ಅದು. ಸಭೆಯಲ್ಲಿ ಅರ್ಧ ಜನ ಕಾಫಿಗೆ ಏಳುವುದೂ ಆಗಲೇ. ನಾನು ಹೈಸ್ಕೂಲಿನಲ್ಲಿದ್ದಾಗ ಬೆಂಗಳೂರಿನಲ್ಲಿ ಮಾವನಿಗೆ ಮೊದಲ ಸಲ ದೊಡ್ಡ ಗಾಯಕರೊಬ್ಬರ ಜೊತೆ ನುಡಿಸುವ ಅವಕಾಶ ಸಿಕ್ಕಿತು. ರಜೆಗೆ ಹೋಗಿದ್ದ ನಮ್ಮನ್ನು ಅವರೇ ಮುಂದಿನ ಸಾಲಿನಲ್ಲಿ ಕೂರಿಸಿದ್ದರು. ತನಿ ಶುರುವಾದ ಕೂಡಲೇ ಅಪ್ಪ ಎದ್ದರು. ಮೃದಂಗದವರ ಭಾವನೇ ಎದ್ದ ಮೇಲೆ ನಮ್ಮದೇನು ಎಂಬಂತೆ ಇಡೀ ಸಾಲು ಎದ್ದಿತು. ಆ ದಿನ ಊಟಕ್ಕೆ ಕೂತಾಗ ಮಾವ, "ಕಾಫಿ ಚೆನ್ನಾಗಿತ್ತಾ ಭಾವ?" ಎಂದು ಕೇಳಿದರು.

"ನಿನ್ನ ಡೋಲಿಗಿಂತ ಚೆನ್ನಾಗಿತ್ತು" ಎಂದರು ಅಪ್ಪ.

ಅಪ್ಪನ ಮಟ್ಟಿಗೆ ಅದು ದಿನಕ್ಕೆ ಹತ್ತು ಆಡುವ ಮಾತುಗಳಲ್ಲಿ ಒಂದು. ಮಾವ ಅರ್ಧ ಊಟಕ್ಕೆ ಕೈ ತೊಳೆದು ಎದ್ದುಹೋದರು. ಆಮೇಲೆ ದೆಹಲಿಗೆ ನುಡಿಸಲು ಬಂದಾಗಲೆಲ್ಲ ಕರೋಲ್ ಬಾಗಿನ ಹೋಟೆಲಿನಲ್ಲಿ ಇಳಿಯುತ್ತಿದ್ದರು. ಅಮ್ಮ ಮೆಟ್ರೊ ಹಿಡಿದು ಅಲ್ಲಿಗೆ ಹೋಗಿ, ಒಂದು ಟೀ ಕುಡಿಯುವಷ್ಟು ಹೊತ್ತು ಮಾತಾಡಿಸಿ ಬರುತ್ತಿದ್ದರು. ಅದೂ ನಿಂತು ಬರೀ ಫೋನಾಯಿತು. ಫೋನು ಹಬ್ಬದ ಮೆಸೇಜಿಗೆ ಇಳಿಯಿತು.

"ಹೋಗೋಣ್ವಾ?" ಎಂದು ಅಮ್ಮ ಪೋಸ್ಟರ್ ತೋರಿಸಿದಾಗ ಅಪ್ಪ ಏನಾದರೂ ಚುಚ್ಚುತ್ತಾರೆಂದು ಕಾದೆ. ಅವರು ಕನ್ನಡಕ ಏರಿಸಿ ಫೋಟೊ ನೋಡಿ, "ಗಡ್ಡ ಬೆಳ್ಳಗಾಗಿದೆ" ಎಂದರು. ಆಮೇಲೆ, "ಹೋಗೋಣ. ಆದ್ರೆ ನನ್ನ ಕಾಯಿಲೆ ಅವನ ಕಿವಿಗೆ ಬೀಳಬಾರದು. ಬಿದ್ರೆ ಅಲ್ಲಿಂದ್ಲೇ ಎದ್ದು ಬರ್ತೀನಿ."

"ನೀವು ಎದ್ದು ಬರದೇ ಇದ್ರೆ ಸಾಕು" ಎಂದರು ಅಮ್ಮ. "ನನಗೆ ಬೇರೇನೂ ಬೇಡ ರೀ. ತನಿ ಮುಗಿಯೋವರೆಗೂ ಕೂತಿರಿ. ಅವನು ನೋಡ್ಲಿ. ಆಮೇಲೆ ಮನೆಗೆ ಬಾ ಅಂತ ನಾನು ಕರೀತೀನಿ. ಬಂದೇ ಬರ್ತಾನೆ."

"ಹಾಗಾದ್ರೆ ಹಿಂದೆ, ಬಾಗಿಲ ಹತ್ರ ಕೂತ್ಕೊಳ್ಳೋಣ."

"ಹಿಂದೆ ಕೂತ್ರೆ ಅವನಿಗೆ ಕಾಣೋದು ಹೇಗೆ? ಅದಕ್ಕೆ ಅಲ್ಲೀವರೆಗೆ ಯಾಕೆ ಹೋಗ್ಬೇಕು, ಇಂದಿರಾಪುರಂನಲ್ಲೇ ಕೂತಿರಬಹುದು."

ಕೊನೆಗೆ ಎರಡನೇ ಸಾಲಿನ ತುದಿಯ ಮೂರು ಸೀಟು ಎಂದು ಒಪ್ಪಂದವಾಯಿತು. ದೊಡ್ಡವರಿಗೂ ಡೈಪರ್ ಸಿಗುತ್ತದೆ ಎಂದು ನಾನು ಮೆಲ್ಲಗೆ ಹೇಳಿ ನೋಡಿದೆ. "ಮೊದಲು ನೀನು ಒಂದು ದಿನ ಅದನ್ನ ಹಾಕ್ಕೊಂಡು ಆಫೀಸಿಗೆ ಹೋಗಿ ಬಾ, ಆಮೇಲೆ ನನಗೆ ಹೇಳುವಿಯಂತೆ" ಎಂದು ಅಪ್ಪ ಪೇಪರಿನ ಹಿಂದೆ ಸರಿದರು. ಉಳಿದದ್ದು ಲೆಕ್ಕವೊಂದೇ. ಆ ಗಾಯಕರ ಹಳೆಯ ಕಚೇರಿಗಳು ಯೂಟ್ಯೂಬಿನಲ್ಲಿದ್ದವು. ನಾಲ್ಕನ್ನು ಹಾಕಿ ನೋಡಿದೆ. ಎಲ್ಲದರಲ್ಲೂ ಚಿಕ್ಕ ಕೃತಿಗಳು ಕೆಲವು, ಆಮೇಲೆ ಒಂದು ದೊಡ್ಡ ರಾಗ, ಅದರ ಕೊನೆಗೆ ತನಿ. ಹಾಗಾದರೆ ದೊಡ್ಡ ರಾಗ ಶುರುವಾಗುವ ಮುಂಚೆ ಅಪ್ಪ ಒಮ್ಮೆ ಹೋಗಿಬಂದರೆ ತನಿ ಮುಗಿಯುವವರೆಗೆ ಕೂರಬಹುದು. ಹಾಗೆಂದು ಅಪ್ಪನಿಗೆ ಬಿಡಿಸಿ ಹೇಳಿದೆ. "ನೀನು ಸನ್ನೆ ಮಾಡು, ನಾನು ಏಳ್ತೀನಿ" ಎಂದರು.

ಆ ಭಾನುವಾರ ಬಿಸಿಲೇ ಬೀಳಲಿಲ್ಲ. ಹೆದ್ದಾರಿಯಲ್ಲಿ ಮುಂದಿನ ಕಾರಿನ ಕೆಂಪು ದೀಪ ಬಿಟ್ಟರೆ ಏನೂ ಕಾಣದಷ್ಟು ಮಂಜು. ನಾನು ಕಾರು ಓಡಿಸುತ್ತಿದ್ದೆ. ಬೆಳಗಿನ ಕಾಫಿಯ ನಂತರ ಅಪ್ಪ ಏನೂ ಕುಡಿದಿರಲಿಲ್ಲ, ತುಟಿ ಒಣಗಿತ್ತು. ಸಭಾಂಗಣದ ಅಂಗಳದಲ್ಲಿ ಯಾರೋ ಫಿಲ್ಟರ್ ಕಾಫಿಯ ಸ್ಟಾಲ್ ಹಾಕಿದ್ದರು. ಅಪ್ಪ ಅತ್ತ ನೋಡದೆ ನೇರವಾಗಿ ಟಾಯ್ಲೆಟ್ಟಿಗೆ ಹೋಗಿಬಂದು ಸೀಟಿನಲ್ಲಿ ಕೂತರು.

ಪರದೆ ಸರಿದಾಗ ಮಾವ ಮೃದಂಗದ ಅಂಚನ್ನು ಕಲ್ಲಿನಿಂದ ತಟ್ಟಿ ಶ್ರುತಿ ಸೇರಿಸುತ್ತಿದ್ದರು. ತಲೆ ಎತ್ತಿದವರು ಮೊದಲು ಅಮ್ಮನನ್ನು ಕಂಡರು. ಮುಖ ಅರಳುವುದರಲ್ಲಿತ್ತು. ಪಕ್ಕದಲ್ಲಿ ಅಪ್ಪ ಕಂಡರು. ಮಾವ ಮತ್ತೆ ಬಗ್ಗಿ ಕಲ್ಲಿನಿಂದ ತಟ್ಟತೊಡಗಿದರು.

"ನೋಡ್ದ" ಎಂದು ಅಮ್ಮ ನನ್ನ ಕಿವಿಯಲ್ಲಿ ಹೇಳಿದರು.

ಚಿಕ್ಕ ಕೃತಿಗಳು ಎರಡು ಮುಗಿದವು. ಇನ್ನೊಂದೆರಡು ಬರಬೇಕು, ಆಮೇಲೆ ಅಪ್ಪನಿಗೆ ಸನ್ನೆ ಮಾಡಬೇಕು ಎಂದುಕೊಳ್ಳುವಷ್ಟರಲ್ಲಿ ಗಾಯಕರು ಕಲ್ಯಾಣಿ ರಾಗದ ಆಲಾಪನೆ ಎತ್ತಿಕೊಂಡರು. ಎರಡೇ ನಿಮಿಷಕ್ಕೆ ಗೊತ್ತಾಯಿತು, ಇದು ದೊಡ್ಡದು. ಲೆಕ್ಕ ಆಗಲೇ ತಪ್ಪಿತ್ತು. ನಡುವೆ ಎಬ್ಬಿಸಲೇ ಎಂದು ಅಪ್ಪನ ಕಡೆ ನೋಡಿದೆ. ಅವರು ಬೇಡವೆಂದು ತಲೆಯಾಡಿಸಿದರು. ಆಲಾಪನೆ, ಪಿಟೀಲು, ಕೃತಿ, ಸ್ವರ. ಸ್ವರಗಳು ಏರುತ್ತ ಹೋದಂತೆ ಅಪ್ಪ ಕಾಲಿನ ಮೇಲೆ ಕಾಲು ಹಾಕಿದರು, ತೆಗೆದರು, ಮತ್ತೆ ಹಾಕಿದರು. ಈಗ ತನಿ ಬರುತ್ತದೆ, ಇದೊಂದು ಮುಗಿದರೆ ಆಯಿತು ಎಂದು ಮೂವರೂ ಕಾಯುತ್ತಿದ್ದೆವು. ಗಾಯಕರು ಮುಕ್ತಾಯ ಹಾಡಿ, ಕೈ ಮುಗಿದು, ನೀರು ಕುಡಿದರು. ಚಪ್ಪಾಳೆ ಬಿತ್ತು. ತನಿ ಬರಲೇ ಇಲ್ಲ.

ಆಮೇಲೆ ಗಾಯಕರು ಮೈಕಿನಲ್ಲಿ, ಈಗ ತೋಡಿಯಲ್ಲಿ ರಾಗ, ತಾನ, ಪಲ್ಲವಿ ಎಂದರು. ಹಿಂದಿನ ಸಾಲುಗಳಿಂದ ಮೆಚ್ಚುಗೆಯ ದನಿ ಎದ್ದಿತು. ಒಂದು ಕಚೇರಿಯಲ್ಲಿ ಎಲ್ಲಕ್ಕಿಂತ ಉದ್ದವಾಗಿ ಬೆಳೆಸುವುದು ಅದನ್ನೇ, ಅದಿದ್ದರೆ ತನಿ ಬರುವುದೂ ಅದರ ಕೊನೆಗೇ. ನಾನು ನೋಡಿದ ನಾಲ್ಕರಲ್ಲಿ ಒಂದರಲ್ಲೂ ಅದಿರಲಿಲ್ಲ.

"ಈಗ್ಲೇ ಹೋಗಿಬನ್ನಿ" ಎಂದು ಅಮ್ಮ ಅಪ್ಪನನ್ನು ತಳ್ಳಿದರು. ಅಪ್ಪ ಹೋಗಿ ಬೇಗನೆ ಬಂದರು. ಓಡಿಬಂದಿದ್ದರೇನೋ, ಏದುಸಿರು ಬಿಡುತ್ತಿದ್ದರು. ನಾನು ಗಡಿಯಾರ ನೋಡಿಕೊಂಡೆ. ಒಂದೂಕಾಲು ಗಂಟೆ.

ತೋಡಿಗೆ ಅಷ್ಟು ಸಾಲಲಿಲ್ಲ. ರಾಗವೇ ಮುಗಿಯದು. ಅದು ಮುಗಿದರೆ ಪಿಟೀಲಿನವರು ಮತ್ತೆ ಮೊದಲಿನಿಂದ ಹಿಡಿದರು. ಆಮೇಲೆ ತಾನ, ಅದರಲ್ಲೂ ಇಬ್ಬರ ಸರದಿ. ಮಾವ ಅಷ್ಟು ಹೊತ್ತೂ ಮೃದಂಗವನ್ನು ಮಡಿಲಲ್ಲಿಟ್ಟುಕೊಂಡು ಸುಮ್ಮನೆ ಕೂತಿದ್ದರು. ನುಡಿಸಲು ಏನೂ ಇಲ್ಲದವರಿಗೆ ಸಭೆಯನ್ನು ನೋಡುವುದೊಂದೇ ಕೆಲಸ. ಅವರ ಕಣ್ಣು ತಿರುತಿರುಗಿ ನಮ್ಮ ಸಾಲಿಗೆ ಬರುತ್ತಿತ್ತು. ಪಲ್ಲವಿಯ ಸಾಲು ಶುರುವಾದಾಗ ಅಪ್ಪ ಮಫ್ಲರ್ ಬಿಚ್ಚಿ ತೊಡೆಯ ಮೇಲಿಟ್ಟುಕೊಂಡರು. ಅಷ್ಟು ಚಳಿಯಲ್ಲೂ ಅವರ ಹಣೆ ಒದ್ದೆಯಾಗಿತ್ತು.

ಅಮ್ಮ ಬಾಗಿ ಪಿಸುಗುಟ್ಟಿದರು. "ಈಗ ಹೋಗಿ ಬಂದ್ಬಿಡಿ. ಇನ್ನೂ ತನಿ ಬಂದಿಲ್ಲ."

"ಬರೋಷ್ಟರಲ್ಲಿ ಶುರುವಾಗಿರುತ್ತೆ. ಖಾಲಿ ಸೀಟು ನೋಡ್ತಾನೆ."

"ಆಗುತ್ತಾ?"

"ನೀನು ಆ ಕಡೆ ನೋಡು."

ಪಲ್ಲವಿ ಮುಗಿಯುವ ಹೊತ್ತಿಗೆ ಅಪ್ಪನ ಒಂದೂಕಾಲು ಗಂಟೆ ದಾಟಿತ್ತು. ಗಾಯಕರು ಮಾವನ ಕಡೆ ಕೈ ಚಾಚಿದರು. ಮಾವ ಅಂಗಿಯ ತೋಳು ಮೇಲೆ ಸರಿಸಿಕೊಂಡು ಮೊದಲ ಪೆಟ್ಟು ಹಾಕಿದರು. ಸಭೆಯಲ್ಲಿ ಕುರ್ಚಿಗಳು ಮೇಲಕ್ಕೆ ಮಡಿಚಿಕೊಳ್ಳುವ ಟಪಟಪ ಸದ್ದು ಶುರುವಾಯಿತು. ನಮ್ಮ ಸಾಲಿನಲ್ಲೇ ಆರು ಜನ ನಮ್ಮ ಮೊಣಕಾಲು ದಾಟಿಕೊಂಡು ಹೋದರು. ಕೊನೆಯವರು ಅಪ್ಪನಿಗೆ, "ಬರಲ್ವಾ ಸರ್? ಆಮೇಲೆ ಕಾಫಿ ಸಿಗಲ್ಲ" ಎಂದರು. ಅಪ್ಪ ಮಫ್ಲರನ್ನು ತೊಡೆಗೆ ಒತ್ತಿಕೊಂಡರು.

ಮಾವ ನೋಡಿದರು. ಹಲ್ಲು ಬಿದ್ದ ಬಾಯಿಯಂತಾಗಿದ್ದ ಆ ಸಾಲಿನಲ್ಲಿ ಅಪ್ಪ ಕೂತೇ ಇದ್ದರು. ಮಾವನ ಕೈ ಎಲ್ಲೂ ತಡವರಿಸಲಿಲ್ಲ, ಆದರೆ ನೋಟ ತಾಳದ ಒಂದು ಆವರ್ತ ಪೂರ್ತಿ ಅಪ್ಪನ ಮೇಲೆಯೇ ನಿಂತಿತು. ಅಮ್ಮ ಅದನ್ನು ಕಂಡರು. ಅವರ ಬೆನ್ನು ನೆಟ್ಟಗಾಯಿತು. ಇನ್ನು ಹತ್ತು ನಿಮಿಷ. ಮಾವನ ಪಕ್ಕ ಮಣ್ಣಿನ ಘಟ ಹಿಡಿದು ಕೂತವರಿಗೆ ಒಂದು ಸರದಿ, ಇಬ್ಬರೂ ಸೇರಿ ಒಂದು, ಅಷ್ಟೇ.

ಘಟದವರು ಶುರುಮಾಡಿದಾಗ ಅಪ್ಪನ ಮುಷ್ಟಿ ಕುರ್ಚಿಯ ಕೈಯನ್ನು ಹಿಡಿದಿತ್ತು. ಕಣ್ಣು ಮುಚ್ಚಿತ್ತು. ದೂರದಿಂದ ನೋಡುವವರಿಗೆ ಲಯದಲ್ಲಿ ಮುಳುಗಿದಂತೆಯೇ ಕಂಡಿರಬೇಕು. ಅಮ್ಮ ವೇದಿಕೆಯಿಂದ ಕಣ್ಣು ತೆಗೆಯದೆ ಅವರ ಮೊಣಕಾಲ ಮೇಲೆ ಕೈ ಇಟ್ಟರು. ಆ ಕೈ ಅಲ್ಲೇ ನಿಂತಿತು. ಅಪ್ಪನ ಕಾಲು ನಡುಗುತ್ತಿರುವುದು ಅವರಿಗೆ ಗೊತ್ತಾಯಿತು. ಅವರು ತಿರುಗಿ ಅಪ್ಪನ ಮುಖ ನೋಡಿದರು.

"ಏಳಿ" ಎಂದರು.

"ಸುಮ್ನೆ ಕೂತ್ಕೊ. ಇನ್ನೈದು ನಿಮಿಷ."

"ಏಳಿ ಅಂದೆ ನಾನು."

ಅಮ್ಮನೇ ಮೊದಲು ಎದ್ದು ನಿಂತರು. ಅಪ್ಪನ ರಟ್ಟೆ ಹಿಡಿದು ಎಬ್ಬಿಸಿ, ಅವರ ಮುಂದೆ ತಮ್ಮ ಶಾಲನ್ನು ಇಳಿಬಿಟ್ಟುಕೊಂಡು, ಸಾಲುಗಳ ಪಕ್ಕದ ದಾರಿಯಲ್ಲಿ ನಡೆಸಿಕೊಂಡು ಹೋದರು. ಅದೇ ಹೊತ್ತಿಗೆ ಘಟದ ಸರದಿ ಮುಗಿದು ಮಾವ ಎತ್ತಿಕೊಳ್ಳಬೇಕಿತ್ತು. ಎತ್ತಿಕೊಂಡರು. ಒಂದು ಪೆಟ್ಟೂ ತಪ್ಪಲಿಲ್ಲ. ತಲೆಯನ್ನು ಮಾತ್ರ ತಗ್ಗಿಸಿದವರು ತನಿ ಮುಗಿದು ಚಪ್ಪಾಳೆ ಬೀಳುವವರೆಗೆ ಎತ್ತಲಿಲ್ಲ. ನಾನು ಎರಡು ಖಾಲಿ ಸೀಟುಗಳ ಪಕ್ಕ ಕೂತು, ಯಾರೂ ನೋಡದಿದ್ದರೂ, ಕೈ ನೋಯುವಷ್ಟು ಚಪ್ಪಾಳೆ ತಟ್ಟಿದೆ.

ಮಂಗಳ ಮುಗಿದು ನಾನು ಹೊರಗೆ ಬಂದಾಗ ಅಪ್ಪ ಅಮ್ಮ ಟಾಯ್ಲೆಟ್ಟಿನ ಪಕ್ಕದ ಗೋಡೆಗೆ ಒರಗಿ ನಿಂತಿದ್ದರು. ಅಮ್ಮನ ಶಾಲು ಅಪ್ಪನ ಸೊಂಟಕ್ಕೆ ಸುತ್ತಿತ್ತು. ಬಾಗಿಲು ಮುಟ್ಟುವಷ್ಟರಲ್ಲೇ ಪ್ಯಾಂಟು ಒದ್ದೆಯಾಗಿತ್ತು.

"ನಾನು ಕಾರಲ್ಲಿರ್ತೀನಿ" ಎಂದರು ಅಪ್ಪ ನೆಲ ನೋಡುತ್ತ. "ನೀವಿಬ್ಬರೂ ಹೋಗಿ ಮಾತಾಡಿಸಿ ಬನ್ನಿ. ಏನೂ ಹೇಳ್ಬೇಡ ಅವನಿಗೆ."

"ಹೇಳಲ್ಲ" ಎಂದರು ಅಮ್ಮ.

ವೇದಿಕೆಯ ಹಿಂದಿನ ಕೋಣೆಯಲ್ಲಿ ಮಾವ ಮೃದಂಗಕ್ಕೆ ಗವಸು ಹಾಕುತ್ತಿದ್ದರು. ಅಭಿಮಾನಿಗಳು ಇಬ್ಬರು ಸೆಲ್ಫಿ ತೆಗೆದುಕೊಂಡು ಹೋಗುವವರೆಗೆ ನಗುತ್ತಲೇ ಇದ್ದರು. ಅವರು ಹೋದ ಮೇಲೆ ಆ ನಗು ಉಳಿಯಲಿಲ್ಲ.

"ತುಂಬಾ ಚೆನ್ನಾಗಿ ನುಡಿಸ್ದೆ ಕಣೋ" ಎಂದರು ಅಮ್ಮ.

"ಎಷ್ಟು ಕೇಳ್ದೆ?"

ಅಮ್ಮ ಶಾಲಿಲ್ಲದ ಭುಜದ ಮೇಲೆ ಸೆರಗನ್ನು ಎಳೆದುಕೊಂಡರು.

"ಭಾವ ಎದ್ದಿದ್ದಕ್ಕೆ ನನಗೇನೂ ಇಲ್ಲ ಅಕ್ಕ. ಅವರು ಅಷ್ಟು ಹೊತ್ತು ಕೂತಿದ್ದೇ ನನಗೆ ಆಶ್ಚರ್ಯ. ನೀನೇ ಕೈ ಹಿಡಿದು ಎಬ್ಬಿಸಿಕೊಂಡು ಹೋದೆಯಲ್ಲ. ನಾನು ನೋಡ್ತಾ ಇದ್ದೆ."

"ಹೂಂ. ನಾನೇ ಎಬ್ಬಿಸ್ದೆ."

"ಕಾಫಿಗಾ?"

ಅಮ್ಮ ಮೃದಂಗದ ಗವಸನ್ನು ನೋಡುತ್ತ ನಿಂತರು. "ಹೂಂ" ಎಂದರು.

"ಮಾವ, ಅದು ಹಾಗಲ್ಲ..." ಎಂದು ನಾನು ಬಾಯಿ ತೆರೆದೆ. ಅಮ್ಮ ನನ್ನ ಮಣಿಕಟ್ಟನ್ನು ಬಳೆ ಒತ್ತುವಷ್ಟು ಗಟ್ಟಿಯಾಗಿ ಹಿಡಿದರು. "ನೀನು ಸುಮ್ನಿರು." ಮತ್ತೆ ಮಾವನಿಗೆ, "ಮನೆಗೆ ಬಾ. ಊಟ ಮಾಡಿ ಹೋಗುವಿಯಂತೆ."

"ಬೆಳಿಗ್ಗೆ ಫ್ಲೈಟಿದೆ."

"ಊಟ ಮಾಡಿದ ತಕ್ಷಣ ಇವಳು ಬಿಟ್ಟು ಬರ್ತಾಳೆ."

"ಬೇಡ ಅಕ್ಕ. ಸಾಕು."

ಆ 'ಸಾಕು' ಊಟಕ್ಕೆ ಮಾತ್ರ ಹೇಳಿದ್ದಾಗಿರಲಿಲ್ಲ. ಅಮ್ಮನ ಹಿಡಿತ ಸಡಿಲಾಯಿತು. ಅವರು ಒಮ್ಮೆ ತಲೆಯಾಡಿಸಿ ಹೊರಡಲು ತಿರುಗಿದರು. ಬಾಗಿಲಲ್ಲಿ ಅಪ್ಪ ನಿಂತಿದ್ದರು. ಕಾರಿನ ಕೀ ನನ್ನ ಬ್ಯಾಗಿನಲ್ಲಿ ಉಳಿದಿತ್ತು. ಹೊರಗಿನ ಮಂಜಿನಲ್ಲಿ ಕಾರಿನ ಪಕ್ಕ ನಿಂತು ನಿಂತು, ಕೊನೆಗೆ ಕೀ ಕೇಳಲು ವಾಪಸು ಬಂದಿದ್ದರು. ಎಷ್ಟು ಕೇಳಿಸಿಕೊಂಡಿದ್ದರೋ ಗೊತ್ತಿಲ್ಲ.

"ಅವಳಿಗೆ ಯಾಕಯ್ಯಾ ಬೇಜಾರು ಮಾಡ್ತೀಯಾ?" ಎಂದರು ಅಪ್ಪ.

"ನೀವು ನಡೀರಿ" ಎಂದರು ಅಮ್ಮ.

"ಇರು. ಕಾಫಿ ಕುಡಿಯೋಕೆ ಹೋಗಿದ್ದಲ್ಲ ಕಣಯ್ಯಾ. ಬೆಳಿಗ್ಗೆಯಿಂದ ಕುಡಿದೇ ಇಲ್ಲ. ನನಗೆ ತಡೆಯೋಕೆ ಆಗಲ್ಲ. ಪ್ರಾಸ್ಟೇಟು. ಅಷ್ಟು ಹೊತ್ತು ತಡ್ಕೊಂಡಿದ್ದೂ ಸಾಕಾಗಲಿಲ್ಲ. ನೋಡು." ಅಪ್ಪ ಶಾಲನ್ನು ಪಕ್ಕಕ್ಕೆ ಸರಿಸಿದರು.

ನನಗೆ ಬೇರೆ ಕಡೆ ನೋಡಬೇಕೆನಿಸಿತು. ಹೊರಗೆ ಯಾರೋ ವೇದಿಕೆಯ ಮೈಕುಗಳನ್ನು ಬಿಚ್ಚುತ್ತಿದ್ದ ಸದ್ದು.

"ಯಾವಾಗಿಂದ ಅಕ್ಕ?" ಎಂದರು ಮಾವ.

"ನನ್ನನ್ನೇ ಕೇಳು, ನನಗೂ ಬಾಯಿದೆ" ಎಂದರು ಅಪ್ಪ. "ದೀಪಾವಳಿಗೆ ಮುಂಚಿನಿಂದ. ಈ ತಿಂಗಳ ಕೊನೆಗೆ ಆಪರೇಷನ್."

"ಹಾಗಿದ್ದೂ ಬಂದು ಕೂತ್ರಾ?"

"ನಿಮ್ಮಕ್ಕ ಎಬ್ಬಿಸದಿದ್ರೆ ಅಲ್ಲೇ ಕೂತಿರ್ತಿದ್ದೆ. ಸೀಟು ಸಭಾಂಗಣದವರದು, ನನಗೇನು?"

ಮಾವ ನಗಲಿಲ್ಲ. ಬಗ್ಗಿ ಸೂಟ್‌ಕೇಸಿನ ಜಿಪ್ಪು ಎಳೆದರು. ಒಳಗಿನ ಬಟ್ಟೆಗಳನ್ನು ಆಚೀಚೆ ಸರಿಸಿ, ಇಸ್ತ್ರಿ ಮಾಡಿ ಮಡಿಚಿದ್ದ ಒಂದು ಪಂಚೆ ತೆಗೆದರು. ಮರುದಿನ ಇನ್ನೊಂದು ಊರಿನ ಕಚೇರಿಗೆಂದು ಇಟ್ಟುಕೊಂಡಿದ್ದಿರಬೇಕು, ಅಂಚಿಗೆ ಅಂಗೈ ಅಗಲದ ಜರಿ ಇತ್ತು.

"ಒದ್ದೆಯಲ್ಲಿ ನಿಲ್ಲಬೇಡಿ ಭಾವ. ಇದನ್ನ ಉಟ್ಕೊಳ್ಳಿ."

"ಇಷ್ಟು ಒಳ್ಳೇದಾ? ಬೇಡಯ್ಯಾ."

"ಉಟ್ಕೊಳ್ಳಿ ಅಂದೆ."

ನಾವು ಹೊರಗೆ ನಿಂತೆವು. ಅಮ್ಮ ಗೋಡೆಯ ಕಡೆ ಮುಖ ಮಾಡಿ ಸೆರಗಿನಿಂದ ಮೂಗು ಒರೆಸಿಕೊಂಡರು. ಒಳಗಿನಿಂದ, "ಹಾಗಲ್ಲ ಭಾವ, ಈ ಕಡೆ ಮಡಿಚಿ" ಎಂಬ ಮಾವನ ದನಿ, "ನಾನು ಪ್ಯಾಂಟಿನವನಯ್ಯಾ" ಎಂಬ ಅಪ್ಪನ ದನಿ. ಹೊರಬಂದಾಗ ಅಪ್ಪ ಸ್ವೆಟರು, ಮಫ್ಲರು, ಕೆಳಗೆ ಜರಿಯಂಚಿನ ಪಂಚೆ, ಅದರ ಕೆಳಗೆ ಸಾಕ್ಸು ಬೂಟುಗಳಲ್ಲಿ ನಿಂತಿದ್ದರು.

"ತನಿ ಇವತ್ತು ಸ್ವಲ್ಪ ಉದ್ದ ಆಯ್ತು" ಎಂದರು ಅಪ್ಪ.

ಅಮ್ಮನೂ ನಾನೂ ಕಲ್ಲಾದೆವು. ಹಿಂದಿನ ಸಲವೂ ಮಾತು ಹೀಗೆಯೇ ಜಾರಿತ್ತು. ಮಾವ ಅಪ್ಪನನ್ನು ಮೇಲಿಂದ ಕೆಳಗೆ ನೋಡಿದರು.

"ಮೊದಲೇ ಹೇಳಿದ್ರೆ ಚಿಕ್ಕದು ಮಾಡ್ತಿದ್ದೆ" ಎಂದರು.

ಮೊದಲು ನಕ್ಕದ್ದು ಅಪ್ಪ. ಮಾವನ ಮೀಸೆ ಅಲುಗಿತೋ ಇಲ್ಲವೋ ನನಗೆ ಖಚಿತವಿಲ್ಲ.

ಆ ದಿನ ಅವರು ನಮ್ಮ ಜೊತೆ ಬರಲಿಲ್ಲ. ಗಾಯಕರ ಕಾರು ಕಾಯುತ್ತಿತ್ತು. ಅಪ್ಪ ಪಂಚೆ ಒಗೆಸಿ ಕೊರಿಯರ್ ಮಾಡುತ್ತೇನೆಂದಾಗ ಮಾವ, "ಬೇಡ. ಆಪರೇಷನ್ ಯಾವತ್ತು ಅಂತ ಅಕ್ಕ ಮೆಸೇಜ್ ಮಾಡ್ಲಿ. ಬಂದು ತಗೊಳ್ತೀನಿ" ಎಂದು ಮೃದಂಗವನ್ನು ಹೆಗಲಿಗೇರಿಸಿ ನಡೆದರು. ಕಾರು ಯಮುನೆಯ ಸೇತುವೆ ದಾಟಿದ ಮೇಲೆ ಹಿಂದಿನ ಸೀಟಿನಿಂದ ಅಮ್ಮನ ದನಿ ಬಂತು.

"ನಿಜವಾಗ್ಲೂ ಬರ್ತಾನಾ?"

ಅಪ್ಪ ಕತ್ತಲಲ್ಲೇ ಜರಿಯ ಅಂಚನ್ನು ಬೆರಳಿನಲ್ಲಿ ಸವರಿ ನೋಡಿದರು. "ಬರ್ತಾನೆ. ಒಳ್ಳೇ ಪಂಚೆ" ಎಂದರು. ಆಮೇಲೆ ನನ್ನ ಕಡೆ ತಿರುಗಿ, "ಮುಂದೆ ಎಲ್ಲಾದ್ರೂ ಪೆಟ್ರೋಲ್ ಬಂಕ್ ಸಿಕ್ಕಿದ್ರೆ ನಿಲ್ಲಿಸಮ್ಮ" ಎಂದರು.